ಲಕ್ಷ್ಮೀಶ ನೋಡಿಕೊಟ್ಟ ಗಾಡಿ

ಸಿಡ್ನಿಯ ಕನ್ನಡದವರಲ್ಲಿ ಡಾಕ್ಟರುಗಳಿಗೆ ಬರವಿರಲಿಲ್ಲ, ಎಂಜಿನಿಯರುಗಳಂತೂ ಎಲ್ಲಿ ನೋಡಿದರೂ ಸಿಗುತ್ತಿದ್ದರು. ಗಾಡಿಯ ಅಡಿಗೆ ನುಗ್ಗಿ ಮೈಕೈಗೆ ಗ್ರೀಸ್ ಬಳಿದುಕೊಳ್ಳುವವನು ಮಾತ್ರ ಒಬ್ಬನೇ, ಉಡುಪಿ ಕಡೆಯ ಲಕ್ಷ್ಮೀಶ. ವಾರವಿಡೀ ಸಿಡ್ನಿಯದೇ ಬಡಾವಣೆಯಾದ ಲಿವರ್‌ಪೂಲಿನ ಒಂದು ವರ್ಕ್‌ಶಾಪಿನಲ್ಲಿ ದುಡಿದು, ಭಾನುವಾರ ಪರಿಚಯದವರ ಗಾಡಿಗಳನ್ನು ನೋಡಿಕೊಡುತ್ತಿದ್ದ. ಆಗುವುದಿಲ್ಲ ಎನ್ನಲು ಅವನಿಗೆ ಬಾಯಿಯೇ ಬರುತ್ತಿರಲಿಲ್ಲ. ಜನ ಅದನ್ನು ಒಳ್ಳೆಯತನ ಎಂದು ಹೊಗಳುತ್ತಿದ್ದರು. ಒಳ್ಳೆಯತನವೂ ಅಲ್ಲ, ಮಣ್ಣೂ ಅಲ್ಲ, ಬರೀ ದಾಕ್ಷಿಣ್ಯ. ಪಿಆರ್‌ಗಾಗಿ, ಅಂದರೆ ಇಲ್ಲಿ ಕಾಯಂ ನೆಲೆಸುವ ಪರವಾನಗಿಗಾಗಿ, ನಮ್ಮವರು ವರ್ಷಗಟ್ಟಲೆ ಕಾಯುತ್ತಾರೆ. ದಾಕ್ಷಿಣ್ಯ ಮಾತ್ರ ಯಾವ ಕಾಗದಪತ್ರವೂ ಇಲ್ಲದೆ ಅವರ ಜೊತೆಗೇ ವಿಮಾನ ಇಳಿದುಬಿಡುತ್ತದೆ.

೧೯೯೯ರ ಮೇ ತಿಂಗಳಲ್ಲಿ ಡಾಕ್ಟರ್ ತಿರುಮಲೇಶ್ ತಮ್ಮ ಹತ್ತು ವರ್ಷ ಹಳೆಯ ಫೋರ್ ವೀಲ್ ಡ್ರೈವ್ ಗಾಡಿಯನ್ನು ಮಾರಲು ಹೊರಟರು. ಕೊಳ್ಳಲು ಬಂದವನು ತ್ರಿವಿಕ್ರಮ. ಮೈಸೂರಿನಿಂದ ಬಂದು ಎಂಟು ತಿಂಗಳಾಗಿತ್ತು, ಮೆಲ್ಬರ್ನ್‌ನಲ್ಲಿ ಕೆಲಸ ಸಿಕ್ಕಿ ಹೆಂಡತಿ ವಿಜಯಾಳೊಂದಿಗೆ ಅಲ್ಲಿನ ವೆರಿಬೀ ಬಡಾವಣೆಗೆ ಹೊರಟಿದ್ದ. ಅವಳು ಆಗಷ್ಟೇ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಿದ್ದಳು. ಲಕ್ಷ್ಮೀಶ ಒಂದು ಸಲ ನೋಡಿ ಹೂಂ ಎಂದರೆ ಸಾಕು, ತನಗೆ ಬೇರೆ ಪರೀಕ್ಷೆ ಬೇಡ ಎಂದು ತ್ರಿವಿಕ್ರಮ ಹೇಳಿದ.

ಭಾನುವಾರ ಬೆಳಿಗ್ಗೆ ಮ್ಯಾಕ್ವೆರಿ ಪಾರ್ಕಿನ ಆಫೀಸುಗಳ ಕಾರ್ ಪಾರ್ಕ್ ಖಾಲಿ ಹೊಡೆಯುತ್ತಿತ್ತು. ಲಕ್ಷ್ಮೀಶ ಸ್ಟೇರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿ, ನಿಧಾನವಾಗಿ ಒಂದು ಸುತ್ತು ಹಾಕಿದ. ಅರ್ಧ ಸುತ್ತಿಗೇ ಗಾಡಿ ಮುಗ್ಗರಿಸಿತು. ಆಕ್ಸಿಲರೇಟರಿನಿಂದ ಕಾಲು ತೆಗೆದರೆ, ಯಾರೋ ಬ್ರೇಕ್ ಒತ್ತಿದಂತೆ ನಿಂತೇಬಿಟ್ಟಿತು. ಪಕ್ಕದ ಹುಲ್ಲಿನ ಮೇಲೆ ಇಳಿಸಿ ಅದೇ ಸುತ್ತು ಹಾಕಿದ. ಅಲ್ಲಿ ಚಕ್ರಗಳಿಗೆ ಜಾರಲು ಜಾಗವಿತ್ತು, ಗಾಡಿ ಮೆತ್ತಗೆ ತಿರುಗಿತು.

ಇಳಿದು ಟೈರುಗಳನ್ನು ನೋಡಿದ. ಮುಂದಿನವೆರಡು ಹೊಸವು, ಹಿಂದಿನವೆರಡು ಸವೆದು ನುಣ್ಣಗಾಗಿದ್ದವು. ತಿರುಮಲೇಶ್ ಅಂಬಾಸಿಡರ್ ಕಾರಿದ್ದ ಮನೆಯಲ್ಲಿ ಬೆಳೆದವರು. ಸವೆದ ಎರಡನ್ನು ಬದಲಾಯಿಸಿ ಉಳಿದೆರಡನ್ನು ಹಾಗೇ ಓಡಿಸುವುದು ಅವರಿಗೆ ಜಾಣತನವೇ. ಆದರೆ ಈ ಗಾಡಿಯಲ್ಲಿ ಗೇರ್‌ಬಾಕ್ಸಿನ ಬೆನ್ನಿಗೆ ಟ್ರಾನ್ಸ್‌ಫರ್ ಕೇಸ್ ಎಂಬ ಪೆಟ್ಟಿಗೆಯಿದೆ. ಎಂಜಿನ್ನಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವುದು ಅದೇ, ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಓಡಬೇಕಾದಾಗ ಬಿಟ್ಟುಕೊಡುವುದೂ ಅದೇ. ಸವೆದ ಟೈರು ಹೊಸದಕ್ಕಿಂತ ಚಿಕ್ಕದು; ಆ ದೊಡ್ಡದು ಚಿಕ್ಕದರ ನಡುವೆ ತಿಂಗಳುಗಟ್ಟಲೆ ಕಾದು ಕಾದು ಅದು ಬೆಂದು ಬಿಗಿದುಹೋಗಿತ್ತು. ಖಾತ್ರಿ ಮಾಡಿಕೊಳ್ಳಲು ಮುಂದಿನ ಒಂದು ಚಕ್ರವನ್ನು ಜ್ಯಾಕ್ ಮೇಲೆ ಎತ್ತಿ, ನ್ಯೂಟ್ರಲ್‌ಗೆ ಹಾಕಿ, ಚಕ್ರದ ನಡುವಿನ ನಟ್ಟಿಗೆ ಸ್ಪ್ಯಾನರ್ ಸಿಕ್ಕಿಸಿ ಮೈಭಾರ ಬಿಟ್ಟು ಒತ್ತಿದ. ಸರಿಯಿದ್ದ ಗಾಡಿಯಲ್ಲಿ ಚಕ್ರ ನಿಧಾನಕ್ಕಾದರೂ ತಿರುಗಬೇಕು. ಇದು ಕೂದಲೆಳೆಯಷ್ಟೂ ಅಲುಗಲಿಲ್ಲ.

ಒಣ ರಸ್ತೆಯಲ್ಲಿ ಇದು ಬರೀ ಮುಗ್ಗರಿಸುತ್ತದೆ. ಮಳೆ ಬಿದ್ದ ರಸ್ತೆಯಲ್ಲಿ, ಸ್ಟೇರಿಂಗ್ ಎಷ್ಟೇ ತಿರುಗಿಸಿದರೂ, ಮುಂದಿನ ಚಕ್ರಗಳು ಜಾರಿ ಗಾಡಿ ನೆಟ್ಟಗೆ ಹೋಗಿಬಿಡಬಹುದು. ಇದು ಲಕ್ಷ್ಮೀಶನಿಗೆ ಚೆನ್ನಾಗಿ ಗೊತ್ತಿತ್ತು.

ಎದ್ದು ಕೈ ಒರೆಸಿಕೊಂಡ. ಎದುರಿಗೆ ತ್ರಿವಿಕ್ರಮನ ಜೊತೆ ತಿರುಮಲೇಶ್ ನಿಂತಿದ್ದರು. ಸಿಡ್ನಿಗೆ ಬಂದ ಹೊಸದರಲ್ಲಿ ಲಕ್ಷ್ಮೀಶನನ್ನೂ ಅವನ ಹೆಂಡತಿ ಸುಗುಣಾಳನ್ನೂ ಐದು ತಿಂಗಳು ಮನೆಯಲ್ಲಿಟ್ಟುಕೊಂಡವರು, ವರ್ಕ್‌ಶಾಪಿನ ಕೆಲಸ ಕೊಡಿಸಿದವರು. ಅವರು ಮೋಸಗಾರರಲ್ಲ, ತಮ್ಮ ಗಾಡಿ ಬಂಗಾರದಂಥದ್ದು ಎಂದು ಮನಸಾರೆ ನಂಬಿದ್ದರು.

"ಏನಪ್ಪಾ, ಗಾಡಿ ಪರ್ವಾಗಿಲ್ವಾ?" ಎಂದು ಕೇಳಿದರು.

"ಸ್ವಲ್ಪ ಬಿಗಿ ಉಂಟು ಸರ್," ಎಂದ ಲಕ್ಷ್ಮೀಶ. "ಓಡಿಸ್ತಾ ಓಡಿಸ್ತಾ ಸರಿ ಆಗ್ತದೆ."

ಅಷ್ಟೇ. ಒಂದು ಉಸಿರಿನಷ್ಟು ಮಾತು. ತ್ರಿವಿಕ್ರಮ ಅಲ್ಲೇ ಕೈ ಕುಲುಕಿದ.

ಸಂಜೆ ಫೋನ್ ಮಾಡಿ ನಿಜ ಹೇಳಿದರಾಯಿತು ಎಂದು ಲಕ್ಷ್ಮೀಶ ತನಗೆ ತಾನೇ ಸಮಾಧಾನ ಹೇಳಿಕೊಂಡ. ಫೋನ್ ಮಾಡಿದಾಗ ವಿಜಯಾ ಎತ್ತಿಕೊಂಡು, ನೀವಿಲ್ಲದಿದ್ದರೆ ನಮಗೆ ಗಾಡಿಯ ಗಂಧವೇ ಗೊತ್ತಿರಲಿಲ್ಲ ಎಂದು ಉಪಕಾರ ಸ್ಮರಿಸಿದಳು. ಅವನು ಮಾತು ಬದಲಿಸಿ ಫೋನ್ ಇಟ್ಟ. ಇನ್ನೊಮ್ಮೆ ಮಾಡಿದಾಗ ಸಿಕ್ಕಿದ ತ್ರಿವಿಕ್ರಮನಿಗೆ, ನಾಲ್ಕೂ ಟೈರು ಒಂದೇ ಥರದವು ಹಾಕಿಸಿ ಎಂದಷ್ಟೇ ಹೇಳಿ ಇಟ್ಟುಬಿಟ್ಟ. ವೆರಿಬೀಗೆ ಹೋಗಿ ನೋಡೋಣ ಎಂದಿದ್ದ ತ್ರಿವಿಕ್ರಮ. ಅವನಿಂದಲೇ ಎಲ್ಲ ತಿಳಿದಿದ್ದ ಸುಗುಣಾ ದಿನವೂ ಕೇಳುತ್ತಿದ್ದಳು, ಹೇಳಿದಿರಾ ಎಂದು. ಡಾಕ್ಟರ ಮುಖಕ್ಕೆ ಮಸಿ ಬಳಿದಂತಾಗುತ್ತದೆ ಎಂದು ಇವನು ಗೊಣಗುತ್ತಿದ್ದ. ಅವರ ಮುಖದ ಚಿಂತೆ ನಿಮಗೆ, ಆ ಹುಡುಗಿಯ ಜೀವದ ಚಿಂತೆ ಯಾರಿಗೆ ಎಂದು ಅವಳು ಒಮ್ಮೆ ನೇರವಾಗಿಯೇ ಕೇಳಿದಳು.

ಅವರು ಮೆಲ್ಬರ್ನ್ ತಲುಪಿದ ಸುದ್ದಿ ಬಂತು. ಲಕ್ಷ್ಮೀಶನಿಗೆ ನೆಮ್ಮದಿಯಾಗುವ ಬದಲು ಹೆದರಿಕೆ ಹೆಚ್ಚಿತು. ಟಿವಿಯಲ್ಲಿ ಮೆಲ್ಬರ್ನಿನ ಹವಾಮಾನ ಬಂದರೆ ಊಟದ ತಟ್ಟೆ ಬಿಟ್ಟು ಎದ್ದು ನೋಡುತ್ತಿದ್ದ. ಮಳೆ ಎಂದರೆ ಅಂದು ಅನ್ನ ಸೇರುತ್ತಿರಲಿಲ್ಲ. ಫೋನ್ ಬಡಿದುಕೊಂಡರೆ ಎತ್ತಲು ಸುಗುಣಾಳನ್ನೇ ಕಳಿಸುತ್ತಿದ್ದ. ಇಷ್ಟೆಲ್ಲ ಒದ್ದಾಡುವ ಮನುಷ್ಯ ಎರಡು ವಾಕ್ಯ ಹೇಳಲಾರದೆ ಹೋದನಲ್ಲ ಎಂದು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಜುಲೈ ಕೊನೆಯಲ್ಲಿ ಆ ಫೋನ್ ಬಂದೇ ಬಂತು. ಜಡಿಮಳೆಯಲ್ಲಿ ವಿಜಯಾ ಅಂಗಡಿಗೆ ಹೋಗುತ್ತಿದ್ದಾಗ, ರೌಂಡಬೌಟಿನ ವೃತ್ತದಲ್ಲಿ ಗಾಡಿ ತಿರುಗದೆ ನೇರವಾಗಿ ಲೈಟುಕಂಬಕ್ಕೆ ಗುದ್ದಿತ್ತು. ಸೊಂಟದ ಮೂಳೆ ಮುರಿದಿತ್ತು, ಬಲಗಾಲು ಎರಡು ಕಡೆ. ಲಕ್ಷ್ಮೀಶ ವರ್ಕ್‌ಶಾಪಿಗೆ ರಜೆ ಹೇಳಿ ಮೆಲ್ಬರ್ನಿನ ಬಸ್ಸು ಹತ್ತಿದ.

ಆಸ್ಪತ್ರೆಯ ಕಾರಿಡಾರಿನಲ್ಲೇ ತ್ರಿವಿಕ್ರಮ ಸಿಕ್ಕಿದ. ಅವಳಿಗೆ ಓಡಿಸಲು ಬರುವುದಿಲ್ಲವೆಂದು ನನಗೆ ಮೊದಲೇ ಅನಿಸಿತ್ತು, ಪೊಲೀಸರಿಗೂ ಹಾಗೆಯೇ ಹೇಳಿದ್ದೇನೆ, ಇನ್ನು ಮೇಲೆ ಅವಳು ಸ್ಟೇರಿಂಗ್ ಮುಟ್ಟುವುದು ಬೇಡ ಎಂದ. ದನಿಯಲ್ಲಿ ಕೋಪಕ್ಕಿಂತ ಸುಸ್ತೇ ಹೆಚ್ಚಿತ್ತು. ಲಕ್ಷ್ಮೀಶ ತಲೆ ತಗ್ಗಿಸಿಕೊಂಡು ಅವನ ಹಿಂದೆ ವಾರ್ಡಿನ ಒಳಗೆ ಹೋದ.

ವಿಜಯಾ ಇವನನ್ನು ಕಂಡದ್ದೇ ಕಣ್ಣು ತುಂಬಿಕೊಂಡಳು.

"ಸಾರಿ ಅಣ್ಣ. ನೀವು ಅಷ್ಟು ನೋಡಿ ಕೊಟ್ಟ ಗಾಡಿ, ನಾನು ಹಾಳು ಮಾಡ್ಬಿಟ್ಟೆ. ತಿರುಗಿಸ್ದೆ ಅಂತ್ಲೇ ಅಂದ್ಕೊಂಡಿದ್ದೆ. ತಿರುಗಿಸಿರ್ಲಿಲ್ಲ ಅನ್ಸುತ್ತೆ."

ಲಕ್ಷ್ಮೀಶ ಮಂಚದ ಕಂಬಿ ಹಿಡಿದುಕೊಂಡ.

"ನೀವು ತಿರುಗಿಸಿದ್ದೀರಿ ಅಮ್ಮ," ಎಂದ. ದನಿ ಅವನಿಗೇ ಸರಿಯಾಗಿ ಕೇಳಿಸಲಿಲ್ಲ. "ಗಾಡಿ ತಿರುಗಲಿಲ್ಲ. ಅದು ತಿರುಗುವುದಿಲ್ಲ ಅಂತ ನನಗೆ ಕೊಡುವ ದಿನವೇ ಗೊತ್ತಿತ್ತು."

ವಿಜಯಾ ಬೈಯುತ್ತಾಳೆ ಎಂದುಕೊಂಡ, ಬೈದಿದ್ದರೆ ಬದುಕಿಕೊಳ್ಳುತ್ತಿದ್ದ. ಅವಳು ಬಾಗಿಲ ಹತ್ತಿರ ಬೆನ್ನು ಮಾಡಿ ನಿಂತಿದ್ದ ಗಂಡನ ಕಡೆ ಕಣ್ಣು ಹೊರಳಿಸಿದಳು.

"ಇನ್ನೊಂದ್ಸಲ ಹೇಳಿ," ಎಂದಳು. "ಜೋರಾಗಿ ಹೇಳಿ. ಅವರಿಗೆ ಕೇಳ್ಬೇಕು."

ಲಕ್ಷ್ಮೀಶ ತ್ರಿವಿಕ್ರಮನ ಕಡೆ ತಿರುಗಿ, ಇಡೀ ವಾರ್ಡಿಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿದ.