ಅಪ್ಪನ ಮೊಣಕಾಲು ಬಗ್ಗಿಸಿದ ಕುಂಗ್‌ಫೂ ಗುರು

ಅಪ್ಪನ ಮೊಣಕಾಲು ಇವತ್ತು ಬಗ್ಗಿತು ಸ್ನೇಹಿತರೇ. ಆಪರೇಷನ್ ಆಗಿ ಮೂರು ವಾರವಾದರೂ ಅವರು ಕಾಲು ಮಡಿಸಲು ಒಪ್ಪಿರಲಿಲ್ಲ. ಹೀಗೇ ಬಿಟ್ಟರೆ ಮತ್ತೆ ಆಸ್ಪತ್ರೆಗೆ ಸೇರಿಸಿ, ಅರಿವಳಿಕೆ ಕೊಟ್ಟು ಬಗ್ಗಿಸಬೇಕಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರು. ದಿನಾ ಪೀಣ್ಯದ ನಮ್ಮ ಮನೆಗೆ ಬರುವ ಫಿಸಿಯೋಥೆರಪಿ ಹುಡುಗಿಗೆ ಅಪ್ಪನದು ಒಂದೇ ಉತ್ತರ: "ಮೂವತ್ತೈದು ವರ್ಷ ಫ್ಯಾಕ್ಟರೀಲಿ ಲೇತ್ ಮಷೀನ್ ಮುಂದೆ ನಿಂತಿದೀನಿ. ನನ್ನ ಕಾಲಿನ ವಿಷ್ಯ ನಂಗೆ ಗೊತ್ತು ಕಣಮ್ಮ."

ಬೆಳಿಗ್ಗೆ ಟೀವಿಯಲ್ಲಿ ಹಳೆಯ ಕುಂಗ್‌ಫೂ ಕಾಮಿಡಿ ಬರುತ್ತಿತ್ತು. ಉದ್ದ ಜಡೆಯ ಸೋಮಾರಿ ಶಿಷ್ಯನನ್ನು ಮುದಿ ಗುರು ಅರ್ಧ ಕುಕ್ಕರುಗಾಲಲ್ಲಿ ನಿಲ್ಲಿಸಿ, ತೊಡೆಯ ಮೇಲೆ ಬಿಸಿ ಟೀ ಬಟ್ಟಲು ಇಟ್ಟಿದ್ದ. ಚೆಲ್ಲಿದರೆ ಬೆತ್ತದ ಏಟು. ಅಪ್ಪ ನಕ್ಕು ನಕ್ಕು ಕೆಮ್ಮಿದರು. "ಹಂಗೇ ಆಗ್ಬೇಕು ಆ ಮೈಗಳ್ಳನಿಗೆ."

"ಮೈಗಳ್ಳರು ನಮ್ಮನೇಲೂ ಇದಾರೆ ಅಪ್ಪ," ಎಂದೆ.

ಅವರು ಕಾಫಿ ಲೋಟದಲ್ಲಿ ನೀರು ತರಿಸಿಕೊಂಡು ತೊಡೆಯ ಮೇಲಿಟ್ಟರು. ಹಲ್ಲು ಕಚ್ಚಿ ಪಾದವನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು. ಪಂಚೆಯೆಲ್ಲ ಒದ್ದೆ. ಇನ್ನೊಂದು ಲೋಟ ಕೇಳಿದರು. ಆರನೆಯ ಲೋಟ ಚೆಲ್ಲಲಿಲ್ಲ.

ಸಂಜೆ ಹುಡುಗಿ ಬಂದು ಮೊಣಕಾಲು ಎಷ್ಟು ಬಗ್ಗುತ್ತದೆಂದು ಅಳೆದಳು. "ತೊಂಬತ್ತು ಡಿಗ್ರಿ ಬಂದಿದೆ ಅಂಕಲ್. ಇನ್ನು ಆಸ್ಪತ್ರೆ ಬೇಡ ಬಿಡಿ."

ನನ್ನ ಎದೆಯ ಮೇಲಿನ ಭಾರ ಇಳಿಯಿತು. ಅಪ್ಪ ಮಾತ್ರ ಗಂಭೀರವಾಗಿ ಕೇಳಿದರು: "ಒದೆಯೋದು ಯಾವತ್ತಿಂದ ಹೇಳ್ಕೊಡ್ತೀಯಮ್ಮ?"

ಮೈಗಳ್ಳ ಎಂದವಳು ನಾನೇ ಆದ್ದರಿಂದ, ಈಗ ಅವರ ಎದುರು ಕೂರುವುದನ್ನು ಬಿಟ್ಟು ಪಕ್ಕಕ್ಕೆ ಕುರ್ಚಿ ಹಾಕಿಕೊಂಡಿದ್ದೇನೆ.