ಕಣ್ಣು ಮುಚ್ಚಿದವಳ ಫೋಟೋ

ಟೈಲರ್ ಅಂಗಡಿಯಲ್ಲಿ ಅವಳನ್ನು ಎಲ್ಲರೂ ಕಾಜಕ್ಕ ಎಂದೇ ಕರೆಯುತ್ತಿದ್ದರು. ಅಂಗಿಗೆ ಕಾಜಾ ಹಾಕಿ ಗುಂಡಿ ಹೊಲಿಯುವುದು ಅವಳ ಕೆಲಸ. ಮಗಳು ಹೊಟ್ಟೆಯಲ್ಲಿದ್ದಾಗಲೂ ಆ ಕೆಲಸ ಬಿಟ್ಟಿರಲಿಲ್ಲ. ಹುಟ್ಟಿದ ಮೇಲೆ ಮಗುವನ್ನು ಕಟಿಂಗ್ ಮೇಜಿನ ಕೆಳಗೆ ಬಟ್ಟೆ ಚೂರುಗಳ ಮೇಲೆ ಮಲಗಿಸಿ, ಒಂದು ಕಾಲಲ್ಲಿ ತಟ್ಟುತ್ತ ಸೂಜಿ ಆಡಿಸುತ್ತಿದ್ದಳು.

ಗಂಡ ಲಾರಿ ಡ್ರೈವರ್. ಗಡಿಯಾಚೆಗೆ ಸಿಮೆಂಟು ಒಯ್ದು ಈಚೆಗೆ ಈರುಳ್ಳಿ ತರುತ್ತಿದ್ದ. ಮನೆಯಲ್ಲಿದ್ದುದಕ್ಕಿಂತ ಹೊರಗಿದ್ದುದೇ ಹೆಚ್ಚು.

"ನಿನ್ನ ಗಂಡ ಆಚೆ ದೇಶದವನೋ, ಈಚೆಯವನೋ?" ಎಂದು ಟೈಲರ್ ಮಾವ ರೇಗಿಸುತ್ತಿದ್ದ.

"ಅವನ ಅಂಗಿ ಒಗೆಯೋದು ಈಚೆ. ಅಂದ್ಮೇಲೆ ಈಚೆಯವನೇ" ಎನ್ನುತ್ತಿದ್ದಳು.

ಅವಳ ಅಕ್ಕ ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿದ್ದಳು. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಿದ್ದ ಆಕೆ ತಾಯಿಯ ಜೊತೆಗೇ ಉಳಿದವಳು. ಅಕ್ಕತಂಗಿಯರಿಬ್ಬರೂ ಒಂದೇ ಅಚ್ಚು. ಗುರುತು ಹಚ್ಚಲು ಒಂದೇ ದಾರಿಯೆಂದರೆ ಫೋಟೋ. ಕ್ಯಾಮೆರಾ ಎತ್ತಿದರೆ ಸಾಕು, ಅಕ್ಕನ ರೆಪ್ಪೆ ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಕೌಂಟರಿನ ಗುರುತಿನ ಚೀಟಿಯಲ್ಲೂ ಅವಳು ತೂಕಡಿಸುತ್ತಿದ್ದಂತೆ ಕಾಣುತ್ತಿದ್ದಳು. "ನಿನ್ನ ಕಣ್ಣು ತೆರೆದಿರೋ ಫೋಟೋ ತೆಗೆದ ದಿನ ನಾನು ಲಾರಿ ಬಿಟ್ಟು ಸ್ಟುಡಿಯೋ ಇಡ್ತೀನಿ ಅತ್ತಿಗೆ" ಎನ್ನುತ್ತಿದ್ದ ಕಾಜಕ್ಕನ ಗಂಡ. ಮಗಳ ಮೊದಲ ಹುಟ್ಟುಹಬ್ಬಕ್ಕೆ ಅವನೇ ತೆಗೆದ ಫೋಟೋದಲ್ಲೂ ಹಾಗೆಯೇ. ಮಗುವಿನ ಎಡಕ್ಕೆ ಅಕ್ಕ, ಕಣ್ಣು ಮುಚ್ಚಿ. ಬಲಕ್ಕೆ ಕಾಜಕ್ಕ, ಅವಳನ್ನು ನೋಡಿ ನಗು ತಡೆಯಲಾರದೆ, ಕಣ್ಣರಳಿಸಿ.

ದೇಶದ ಚುನಾವಣೆ ಬಾಗಿಲಿಗೆ ಬಂದಿತ್ತು. ಆಗಲೇ ಟಿಕೆಟ್ ಕೌಂಟರಿನ ಎದುರಿನ ಬೆಂಚಿನ ಕೆಳಗೆ ಯಾರೋ ಬಿಟ್ಟುಹೋದ ಚೀಲ ಸಿಡಿಯಿತು. ಅಕ್ಕ ಮನೆಗೆ ಮುಚ್ಚಿದ ಪೆಟ್ಟಿಗೆಯಲ್ಲಿ ಬಂದಳು. ತೆರೆಯಬೇಡಿ ಎಂದರು. ತಾಯಿ ಪೆಟ್ಟಿಗೆಯ ಮುಚ್ಚಳದ ಮೇಲೆ ಕೆನ್ನೆಯಿಟ್ಟು ಕೂತುಬಿಟ್ಟಳು. ಚೀಲ ಇಟ್ಟವರು ಗಡಿಯಾಚೆಯಿಂದ ಬಂದವರೆಂದು ಟೀವಿ ಹೇಳಿತು. ಅಂದೇ ಗಡಿಯಾಚೆಯ ಫೋನುಗಳು ಸತ್ತವು. ಕಾಜಕ್ಕನ ಗಂಡ ಆಗ ಆಚೆ ಇದ್ದ.

ದುಃಖ ಹಂಚಿಕೊಳ್ಳಲು ಬಂದವರಲ್ಲಿ ಪಕ್ಷವೊಂದರ ವಾರ್ಡ್ ಲೀಡರೂ ಒಬ್ಬ. ಕಣ್ಣೊರೆಸಿಕೊಂಡು ಫೋಟೋ ಕೇಳಿದ. ತಾಯಿ ಹುಟ್ಟುಹಬ್ಬದ ಫೋಟೋ ಕೊಟ್ಟು, ಅಕ್ಕನ ಮೇಲೆ ಬೆರಳಿಟ್ಟು ತೋರಿಸಿದಳು.

"ಗೊತ್ತಾಯ್ತಮ್ಮ, ಗೊತ್ತಾಯ್ತು" ಎಂದ ಅವನು.

ಕೆಲವೇ ದಿನಗಳಲ್ಲಿ ಊರಿನ ಗೋಡೆಗಳ ಮೇಲೆಲ್ಲ ಒಂದೇ ಮುಖ. ಕೆಳಗೆ ದಪ್ಪಕ್ಷರದಲ್ಲಿ: ಈ ಕಣ್ಣುಗಳು ಉತ್ತರ ಕೇಳುತ್ತಿವೆ. ಗಡಿ ಮುಚ್ಚೋಣ, ಲೆಕ್ಕ ಚುಕ್ತಾ ಮಾಡೋಣ. ಅಂಗಡಿಗೆ ಹೋಗುವ ದಾರಿಯಲ್ಲಿ ಕಂಕುಳಲ್ಲಿದ್ದ ಮಗು ಗೋಡೆಯತ್ತ ಕೈ ಚಾಚಿ "ಅಮ್ಮ" ಎಂದಿತು. ಕಾಜಕ್ಕ ತಲೆಯೆತ್ತಿ ನೋಡಿದಳು. ತನ್ನದೇ ಮುಖ. ಅಕ್ಕನನ್ನು ನೋಡಿ ಬಂದಿದ್ದ ಆ ನಗುವನ್ನು ಯಾರೋ ತುಟಿಯಿಂದ ಒರೆಸಿಹಾಕಿದ್ದರು.

"ಇರಲಿ ಬಿಡೇ. ಜನ ಅಳ್ತಿರೋದು ಅವಳಿಗೇ ತಾನೆ?" ಎಂದಳು ತಾಯಿ. ಕಾಜಕ್ಕ ಅಂದಿನಿಂದ ತಲೆಗೆ ಬಟ್ಟೆ ಹೊದ್ದು ಓಡಾಡತೊಡಗಿದಳು.

ಗಂಡನ ಜೊತೆಗಾರ ಡ್ರೈವರ್ ಅಂಗಡಿ ಬಾಗಿಲಿಗೆ ಬರುವವರೆಗೂ ಹಾಗೆಯೇ ನಡೆಯಿತು. ಆಚೆ ಉಳಿದ ಲಾರಿಗಳನ್ನು ದಿನಕ್ಕೆ ಇಷ್ಟಿಷ್ಟೆಂದು ಸಾಲಿನಲ್ಲಿ ಈಚೆ ಬಿಡುತ್ತಿದ್ದರು. ಅವನು ಹಾಗೆ ಬಂದವನು. ಅವಳನ್ನು ಕಂಡವನೇ ಬಾಗಿಲ ಚೌಕಟ್ಟು ಹಿಡಿದು ನಿಂತ.

"ನೀನು... ನೀನು ಇದೀಯಾ?"

"ಇಲ್ದೆ ಎಲ್ಲಿಗೆ ಹೋಗ್ಲಿ? ಅವರೆಲ್ಲಿ ಅಣ್ಣ?"

"ಅಲ್ಲೂ ಟೀವೀಲಿ ಬಾಂಬಿಗೆ ಸತ್ತೋಳು ಅಂತ ಆ ಪೋಸ್ಟರೇ ತೋರಿಸ್ತಾರಮ್ಮ. ಅವನು ನೋಡಿದ್ದೇ, ಇದು ನಾನೇ ತೆಗೆದ ಫೋಟೋ, ಇವಳು ನನ್ನ ಹೆಂಡತಿ ಅಂದ. ಅವತ್ತಿಂದ ಲಾರಿ ಕೆಳಗೆ ಮಲಗಿದಾನೆ. ಸಾಲಿಗೆ ಗಾಡಿ ಹಚ್ಚೋ ಮಾರಾಯ ಅಂದ್ರೆ, ಯಾರಿಗೋಸ್ಕರ ಬರಲಿ ಅಂತಾನೆ. ಎಲೆಕ್ಷನ್ ಮುಗಿದ್ರೆ ಗಡಿ ಗೇಟು ಪೂರ್ತಿ ಬಂದ್ ಅಂತೆ. ಆಮೇಲೆ ಅಲ್ಲಿ ಉಳಿದೋರನ್ನ ಅವರು ಸುಮ್ನೆ ಬಿಡ್ತಾರಾ?"

"ನೀವೇ ವಾಪಸ್ ಹೋಗಿ ಹೇಳೋಕಾಗಲ್ವಾ?"

"ಈಚೆ ಬಂದೋರನ್ನ ಮತ್ತೆ ಆಚೆ ಬಿಡಲ್ಲ ತಾಯಿ."

ಕಾಜಕ್ಕ ಸೂಜಿಯನ್ನು ದಿಂಬಿಗೆ ಚುಚ್ಚಿ, ಮಗುವನ್ನೆತ್ತಿಕೊಂಡು ನೇರ ಪಕ್ಷದ ಕಚೇರಿಗೆ ನಡೆದಳು. ಲೀಡರ್ ಅವಳ ಮುಖ ನೋಡಿದ, ಹಿಂದಿನ ಗೋಡೆಯ ಪೋಸ್ಟರ್ ನೋಡಿದ, ಎದ್ದು ಬಾಗಿಲು ಹಾಕಿದ.

"ಫೋಟೋ ಬದಲಾಯಿಸಿ ಅಣ್ಣ. ಸತ್ತೋಳು ನನ್ನಕ್ಕ ಅಂತ ಟೀವೀಲಿ ಒಂದು ಮಾತು ಹೇಳಿ. ನನ್ನ ಗಂಡ ನೋಡಿದ್ರೆ ಎದ್ದು ಬರ್ತಾನೆ."

"ನೋಡಮ್ಮ, ಪ್ರೆಸ್ಸಿನ ಹುಡುಗ ಕಣ್ಣು ಬಿಟ್ಟಿರೋ ಮುಖ ಹಾಕಿಬಿಟ್ಟ. ತಪ್ಪೇ, ಇಲ್ಲ ಅನ್ನಲ್ಲ. ಆದ್ರೆ ಮುಚ್ಚಿದ ಕಣ್ಣಿಗೆ ಯಾರು ಓಟು ಹಾಕ್ತಾರೆ ಹೇಳು? ಈಗ ಬದಲಾಯಿಸಿದ್ರೆ ಎದುರು ಪಕ್ಷದವರು ಬಾಂಬೇ ಸಿಡಿದಿಲ್ಲ ಅಂತಾರೆ. ಓಟು ಮುಗೀಲಿ."

"ಓಟು ಮುಗಿದ್ರೆ ಗೇಟು ಮುಚ್ಚುತ್ತೆ."

"ಅದಕ್ಕೇ ತಾನೆ ಓಟು ಕೇಳ್ತಿರೋದು" ಎಂದ ಅವನು, ಮಗುವಿನ ಕೈಗೆ ಬಿಸ್ಕತ್ತು ಕೊಡುತ್ತ.

ಉಳಿದದ್ದು ಎದುರು ಪಕ್ಷದ ಟೀವಿ. ಅವರು ಗಡಿ ತೆರೆದಿರಲಿ ಎನ್ನುವವರು. ಕಾಜಕ್ಕ ಫೋನು ಮಾಡಿದಾಗ ಕಾರು ಕಳಿಸುತ್ತೇವೆಂದರು. ತಾಯಿ ಹೊಸ್ತಿಲಿಗೆ ಅಡ್ಡ ಕೂತಳು.

"ನಿನ್ನ ಗಂಡನ್ನ ಕರೆಸ್ಕೋ, ಬೇಡ ಅನ್ನಲ್ಲ. ಆದ್ರೆ ನಿನ್ನ ಮುಖ ತೋರಿಸಿ, ಇವಳು ಸತ್ತೇ ಇಲ್ಲ ಅಂತಾರೆ. ಆಮೇಲೆ ನಿನ್ನಕ್ಕನ್ನ ಕೇಳೋರ್ಯಾರು?"

"ಅವಳು ಹೋಗಿಬಿಟ್ಟಳು ಅಮ್ಮ. ಅವನಿನ್ನೂ ಇದಾನೆ."

ತಾಯಿ ಏಳಲಿಲ್ಲ. ಕಾಜಕ್ಕ ಅವಳನ್ನು ದಾಟಿಕೊಂಡು ಹೊರಬಂದಳು.

ಟೀವಿಯಲ್ಲಿ ಇಡೀ ಫೋಟೋ ಹಿಡಿದು ಹೇಳಿದಳು. ಇವಳು ನನ್ನಕ್ಕ, ಬಾಂಬಿಗೆ ಸತ್ತಿದ್ದು ಇವಳು. ಇದು ನಾನು, ಬದುಕಿದ್ದೇನೆ, ನೀವು ಗಾಡಿ ಹಚ್ಚಿ ಬನ್ನಿ. ಅಷ್ಟನ್ನೂ ಹೇಳಿದ್ದಳು. ಅವರು ತೋರಿಸಿದ್ದು 'ಬದುಕಿದ್ದೇನೆ' ಎಂಬಷ್ಟನ್ನು ಮಾತ್ರ, ಮತ್ತೆ ಮತ್ತೆ, ಪಕ್ಕದಲ್ಲಿ ಪೋಸ್ಟರ್ ಇಟ್ಟು. ಮರುದಿನ ಆಚೆ ದೇಶದ ಮಂತ್ರಿಯೊಬ್ಬರು ಅದೇ ತುಣುಕು ತೋರಿಸಿ, ಸತ್ತವಳೇ ಮಾತಾಡುತ್ತಿದ್ದಾಳೆ, ಸ್ಫೋಟವೇ ಓಟಿಗಾಗಿ ಕಟ್ಟಿದ ನಾಟಕ ಎಂದರು. ಲೀಡರ್ ಅದನ್ನೂ ಬಿಡಲಿಲ್ಲ. "ನಮ್ಮ ಸತ್ತವರನ್ನ ನೋಡಿ ಅವರು ನಗ್ತಿದಾರೆ, ಇವಳು ಅವರಿಂದ ದುಡ್ಡು ತಿಂದ ನಟಿ" ಎಂದು ವೇದಿಕೆಯಿಂದ ಗುಡುಗಿದ. ಮೊದಲಿಗಿಂತ ದೊಡ್ಡ ಚಪ್ಪಾಳೆ ಬಿತ್ತು.

ಗಂಡ ಬಂದ. ಗೇಟು ಮುಚ್ಚುವ ಮುಂಚಿನ ಕೊನೆಯ ಸಾಲಿನಲ್ಲಿ, ಗಡ್ಡ ಬಿಟ್ಟುಕೊಂಡು, ಈರುಳ್ಳಿಯೆಲ್ಲ ಕೊಳೆತು ನಾರುವ ಲಾರಿಯಲ್ಲಿ. ಅವಳ ಮುಖವನ್ನು ಎರಡು ಕೈಯಲ್ಲಿ ಹಿಡಿದು ನೋಡಿದ. ಆಮೇಲೆ ಕೇಳಿದ್ದು, "ಅತ್ತಿಗೆನಾ?"

ಅವಳು ಹೌದೆಂದು ತಲೆಯಾಡಿಸಿದಳು.

ಲೀಡರನ ಪಕ್ಷವೇ ಗೆದ್ದಿತು. ಗಡಿ ಮುಚ್ಚಿತು. ವಿಮಾನಗಳು ಹೋಗಿ ಆಚೆ ಏನನ್ನೋ ಸುಟ್ಟು ಬಂದವೆಂದು ಸುದ್ದಿ. ಅಲ್ಲಿ ಸತ್ತವರು ಯಾರೆಂದು ಇಲ್ಲಿ ಯಾರೂ ಕೇಳಲಿಲ್ಲ. ಟೈಲರ್ ಅಂಗಡಿಗೆ ಗಿರಾಕಿ ಕಡಿಮೆಯಾದರು. "ನಿನ್ನ ಕೈಯ ಕಾಜಾ ಬೇಡ ಅಂತಾರಮ್ಮ, ನಾನೇನು ಮಾಡ್ಲಿ" ಎಂದ ಟೈಲರ್ ಮಾವ, ಅವಳ ಮುಖ ನೋಡದೆ. ಬಸ್ ನಿಲ್ದಾಣದಲ್ಲಿ ಸತ್ತವರಿಗೆ ದೀಪ ಹಚ್ಚುವ ಸಭೆ ನಡೆಯಿತು. ಇವರ ಮನೆಗೆ ಕರೆ ಬರಲಿಲ್ಲ.

ತಾಯಿ ಅಂದು ಕರೆಯಿಲ್ಲದೆಯೇ ಹೋದಳು. ಕೌಂಟರ್ ಇದ್ದ ಜಾಗದ ಕಪ್ಪು ಗೋಡೆಗೆ ಒರಗಿ ಕೂತು, ಹುಟ್ಟುಹಬ್ಬದ ಫೋಟೋ ಎದೆಯ ಮುಂದೆ ಹಿಡಿದಳು. ಅಂದಿನಿಂದ ದಿನವೂ ಅದೇ. ಹೋಗಿಬರುವವರನ್ನು ನಿಲ್ಲಿಸಿ ಹೇಳುವುದು:

"ಇವಳು ನನ್ನ ದೊಡ್ಡ ಮಗಳು. ಇಲ್ಲೇ ಟಿಕೆಟ್ ಕೊಡ್ತಿದ್ದಳು. ಸತ್ತೋಳು ಇವಳು, ಕಣ್ಣು ಮುಚ್ಚಿರೋಳು."

ಕಾಜಕ್ಕ ಊಟದ ಡಬ್ಬಿ ಹಿಡಿದು ಬಂದಾಗ ಒಬ್ಬ ಹೆಂಗಸು ಬಗ್ಗಿ ಫೋಟೋ ನೋಡುತ್ತಿದ್ದಳು. ತಲೆಯೆತ್ತಿ ಕಾಜಕ್ಕನನ್ನು ನೋಡಿದಳು, ಮತ್ತೆ ಫೋಟೋ ನೋಡಿದಳು. ಬಿರಬಿರನೆ ನಡೆದುಬಿಟ್ಟಳು.

"ಊಟ ಮಾಡಮ್ಮ."

ತಾಯಿ ಡಬ್ಬಿ ತೆಗೆದುಕೊಂಡು ಪಕ್ಕಕ್ಕಿಟ್ಟಳು. ಸಿಟ್ಟಿರಲಿಲ್ಲ, ದನಿಯೂ ಏರಲಿಲ್ಲ.

"ನೀನು ಆಚೆ ಹೋಗೇ. ನೀನು ಪಕ್ಕದಲ್ಲಿದ್ರೆ ಯಾರೂ ನಂಬಲ್ಲ."

ಕಾಜಕ್ಕ ಮಗುವನ್ನು ಕಂಕುಳಿಗೇರಿಸಿಕೊಂಡು, ತಲೆಯ ಬಟ್ಟೆಯನ್ನು ಮುಖದ ಮೇಲೆಳೆದುಕೊಂಡು ರಸ್ತೆ ದಾಟಿದಳು. ಎದುರಿನ ಕಟ್ಟೆಯ ಮೇಲೆ ಕೂತು, ತಾಯಿ ಡಬ್ಬಿ ತೆರೆಯುತ್ತಾಳೋ ಎಂದು ನೋಡುತ್ತಿದ್ದಳು.