ಕನ್ನಡಕ ಹಾಕಿದ ಆಮೆಗಳು

ಮಕ್ಕಳ ಚಿತ್ರಪುಸ್ತಕ ಮಾಡುವವರು ಜನ್ಮದಲ್ಲಿ ಒಂದು ಆಮೆಯನ್ನೂ ಕಂಡವರಲ್ಲ ಎಂದು ನಾನು ಆಣೆ ಇಟ್ಟು ಹೇಳಬಲ್ಲೆ. ನನ್ನ ಮಗಳಿಗೆ ಮೂರೂವರೆ ತುಂಬಿದ ಚಳಿಗಾಲದಲ್ಲಿ, ದುಬೈಯ ಅಲ್ ಕುಸೈಸ್‌ನ ನಮ್ಮ ಫ್ಲ್ಯಾಟಿನಲ್ಲಿ ಆಮೆಯ ಪುಸ್ತಕಗಳೇ ಇಪ್ಪತ್ತಮೂರು ಇದ್ದವು. ಅವುಗಳಲ್ಲಿ ಹತ್ತೊಂಬತ್ತು ಆಮೆಗಳಿಗೆ ಕನ್ನಡಕ. ಆಮೆಗೆ ಹೊರಗೆ ಕಿವಿಯೇ ಇಲ್ಲ, ಕನ್ನಡಕದ ಕಡ್ಡಿಯನ್ನು ಯಾವುದಕ್ಕೆ ಸಿಕ್ಕಿಸುವುದು? ಒಂದು ಪುಸ್ತಕದಲ್ಲಂತೂ ಆಮೆ ಮನೆಗೆ ಬಂದದ್ದೇ ಚಿಪ್ಪನ್ನು ಕೋಟಿನಂತೆ ಕಳಚಿ ಗೂಟಕ್ಕೆ ನೇತುಹಾಕಿ, ಬನಿಯನ್ನಿನಲ್ಲಿ ಕೂತು ಚಹಾ ಕುಡಿಯುತ್ತದೆ. ಅದು ಅದರ ಬೆನ್ನುಮೂಳೆ, ಮಾರಾಯ್ರೆ! ಯಾರಾದರೂ ಬೆನ್ನುಮೂಳೆ ಬಿಚ್ಚಿಟ್ಟು ಚಹಾ ಕುಡಿಯುತ್ತಾರಾ? ಇನ್ನು ಉಪದೇಶದ ಚಟ ಕೇಳಬೇಡಿ. ಕೊನೆಯ ಪುಟದಲ್ಲಿ ಅಳಿಲಿಗೋ ಕಪ್ಪೆಗೋ ತಾಳ್ಮೆಯ ಬಗ್ಗೆ ಭಾಷಣ ಬಿಗಿಯದೆ ಒಂದು ಆಮೆಯೂ ಮನೆಗೆ ಹೋಗುವುದಿಲ್ಲ. ಆ ಭಾಷಣ ಕೇಳುವಷ್ಟು ತಾಳ್ಮೆ ನನಗೆ ಯಾವತ್ತೂ ಇರಲಿಲ್ಲ.

ಆದರೂ ಇಪ್ಪತ್ತಮೂರು ಯಾಕೆ ಕೊಂಡೆವೆಂದರೆ, ಮಗಳು ಬೇರೆ ಪುಸ್ತಕವನ್ನು ಮುಟ್ಟುತ್ತಿರಲಿಲ್ಲ. ಕರಾಮದ ಹಳೆ ಪುಸ್ತಕದ ಅಂಗಡಿಗೆ ಹೋದರೆ ಆನೆ, ಸಿಂಹ, ರಾಜಕುಮಾರಿ ಎಲ್ಲರನ್ನೂ ದಾಟಿ ಆಮೆ ಇದ್ದಲ್ಲಿಗೆ ಹೋಗಿ ನಿಂತು ಬೆರಳು ತೋರಿಸುತ್ತಿದ್ದಳು. ಬೆರಳೇ ಅವಳ ಭಾಷೆ. ಅಷ್ಟು ವಯಸ್ಸಾದರೂ ಬಾಯಿಂದ ನೆಟ್ಟಗೆ ಒಂದು ಮಾತು ಬಂದಿರಲಿಲ್ಲ. ಕಿವಿ ಪರೀಕ್ಷೆ ಮಾಡಿಸಿದೆವು, ಸರಿಯಾಗಿದೆ ಎಂದರು. "ಬರ್ತದೆ, ಬರ್ತದೆ" ಎಂದು ಎಲ್ಲರೂ ಬಸ್ಸಿನ ಬಗ್ಗೆ ಹೇಳುವ ಹಾಗೆ ಹೇಳುತ್ತಿದ್ದರು. ಆದರೆ ಕೆಜಿ ಸೀಟಿನ ಇಂಟರ್‌ವ್ಯೂ ಕಾಯುತ್ತಿರಲಿಲ್ಲ. ಮಗು ಅಲ್ಲಿ ನಾಲ್ಕು ಮಾತಾಡಲೇಬೇಕು. ಸೀಟು ತಪ್ಪಿದರೆ ನಾನು ಕೆಲಸ ಬಿಟ್ಟು ಮಗುವನ್ನು ಕಟ್ಟಿಕೊಂಡು ಊರಿಗೆ ಹೋಗುವುದು, ಗಂಡ ಇಲ್ಲೇ ಉಳಿಯುವುದು ಎಂದು ನಾವಿಬ್ಬರೂ ಮಾತಾಡಿಕೊಂಡಾಗಿತ್ತು. ಅವರು ವಾರವಿಡೀ ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ಒಂದು ಶೇರಿಂಗ್ ರೂಮಿನಲ್ಲಿದ್ದು ಶುಕ್ರವಾರ ಸಂಜೆ ಮನೆಗೆ ಬರುವವರು. ಇನ್ನೂ ದೂರವಾದರೆ ಸಂಸಾರ ಅನ್ನುವುದು ಫೋನಿನಲ್ಲೇ.

ಮಗು ಮಾತಾಡದ್ದಕ್ಕೆ ಕಾರಣವನ್ನು ಕಂಡುಹಿಡಿದವರು ನಮ್ಮ ಕೆಳಗಿನ ಮಹಡಿಯ ಮಂಗಳೂರಿನ ಆಂಟಿ. ಇಬ್ಬರು ಮಕ್ಕಳನ್ನು ಶಾಲೆ ದಾಟಿಸಿದವರಾದ್ದರಿಂದ ಅವರ ಮಾತೆಂದರೆ ನಮ್ಮ ಕಟ್ಟಡದಲ್ಲಿ ಸುಪ್ರೀಂ ಕೋರ್ಟು. "ನಿಂದು ಕನ್ನಡ, ಗಂಡಂದು ತುಳು, ಹಗಲು ಮಗು ನೋಡ್ಕೊಳ್ಳುವ ಪಕ್ಕದ ಮನೆಯವರದ್ದು ಹಿಂದಿ, ಟಿವಿಯಲ್ಲಿ ಇಂಗ್ಲಿಷು, ಗ್ರೋಸರಿಯಲ್ಲಿ ಮಲಯಾಳ. ಆ ಮಗು ಯಾವುದು ಅಂತ ಹಿಡಿಯೂದು? ಕನ್‌ಫ್ಯೂಸ್ ಆಗಿದೆ ಅದು. ಒಂದೇ ಇಟ್ಕೊಳ್ಳಿ, ಖಲಾಸ್" ಎಂದರು. ಅಮ್ಮಂದಿರ ವಾಟ್ಸಾಪ್ ಗುಂಪಿನಲ್ಲಿ ಕೇಳಿದೆ. ಅಲ್ಲಿಯೂ ಹನ್ನೆರಡು ಹೆಬ್ಬೆರಳು ಎದ್ದವು. ಆ ಸಂಜೆಯೇ ಫ್ರಿಜ್ಜಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿದೆ: ಮನೆಯಲ್ಲಿ ಇನ್ನು ಇಂಗ್ಲಿಷ್ ಮಾತ್ರ.

ಇದನ್ನು ಬರೆಯುವಾಗ ಈಗಲೂ ಮುಖ ಬಿಸಿಯಾಗುತ್ತದೆ. ಯಾಕೆಂದರೆ ಕನ್ನಡದಲ್ಲಿ ಕತೆ ಬರೆದು ನಾಲ್ಕು ಜನರಿಂದ ಶಾಲು ಹೊದಿಸಿಕೊಂಡವಳು ನಾನು. ಇಲ್ಲಿನ ಕನ್ನಡ ಕಾರ್ಯಕ್ರಮಗಳಲ್ಲಿ ಮೈಕು ಸಿಕ್ಕಿದರೆ ಸಾಕು, "ಮನೆಯಲ್ಲಿ ಮಕ್ಕಳೊಂದಿಗೆ ಕನ್ನಡದಲ್ಲೇ ಮಾತಾಡಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದವಳೂ ನಾನೇ. ಅಂಥವಳು ಸ್ವಂತ ಮನೆಯೊಳಗೆ ಸ್ವಂತ ಭಾಷೆಗೆ ಇಲ್ಲಿನ ಅರಬಿಯಲ್ಲಿ ಹೇಳುವಂತೆ 'ಮಾಫಿ', ಅಂದರೆ ಇಲ್ಲ, ಎಂದುಬಿಟ್ಟೆ. ಗಂಡ ಶುಕ್ರವಾರ ಬಂದು ಊಟಕ್ಕೆ ಕೂತು ಮಗಳಿಗೆ, "ಬೇಬಿ, ಈಟ್ ಗಂಜಿ ಫಾಸ್ಟ್ ಫಾಸ್ಟ್" ಎಂದರು. ಗಂಜಿ ಅನ್ನಬಾರದು, ಪಾರಿಜ್ ಅನ್ನಬೇಕು ಎಂದು ನಾನು ತಿದ್ದಿದೆ. "ಇದು ಪಾರಿಜ್ ಆದ್ರೆ ನನಗೆ ಬೇಡ ಮಾರಾಯ್ತಿ" ಎಂದು ಅವರು ಎದ್ದು ಕೈ ತೊಳೆದರು.

ಅಮ್ಮ ಬಂದದ್ದು ಈ ನಾಟಕದ ನಡುವೆ. ಅರವತ್ತು ದಿನಗಳ ವಿಸಿಟ್ ವೀಸಾ. ಬಾಣಂತನದ ಮೂರು ತಿಂಗಳು ಬಿಟ್ಟರೆ ಅವಳು ಮೊಮ್ಮಗಳನ್ನು ಎತ್ತಿಕೊಂಡದ್ದೇ ಇಲ್ಲ. ವಿಡಿಯೋ ಕಾಲಿನಲ್ಲಿ ಮಗು ಫೋನು ಕಂಡರೆ ಓಡಿಹೋಗುತ್ತಿತ್ತು. ಹಾಗಾಗಿ ಅಮ್ಮ ವಿಮಾನ ಹತ್ತುವ ಮೊದಲೇ ಹೇಳಬೇಕಾದ ಕತೆಗಳನ್ನೆಲ್ಲ ಮನಸ್ಸಿನಲ್ಲಿ ಜೋಡಿಸಿಕೊಂಡಿದ್ದಳಂತೆ. ಬಂದ ಮರುದಿನ ಬೆಳಿಗ್ಗೆ ಮಗು ಒಂದು ಆಮೆ ಪುಸ್ತಕ ತಂದು ಅವಳ ಮಡಿಲಿಗೆ ಹಾಕಿತು. ಅಮ್ಮ ಪುಟ ತೆಗೆದವಳೇ ಹೋ ಎಂದು ನಕ್ಕು, ನಮ್ಮ ಊರ ಕಡೆ ಹೆಣ್ಣುಮಕ್ಕಳನ್ನು ಮುದ್ದಿನಿಂದ ಕರೆಯುವಂತೆ 'ಹೆಣೆ' ಎಂದು ಕರೆದಳು. "ಈ ಆಮೆಗೆ ಕನ್ನಡಕ ಎಂತಕ್ಕೆ ಹೆಣೆ? ಪೇಪರ್ ಓದುಕಾ? ಕಾಣ್ ಮಗಾ, ನಾನ್ ಸಣ್ಣೋಳಿಪ್ಪೊತ್ತಿಗೆ ನಮ್ ಮನಿ ಹಿಂದ್ಗಡೆ..."

"ಅಮ್ಮಾ, ಇಂಗ್ಲಿಷ್!" ಎಂದು ನಾನು ಅಡುಗೆಮನೆಯಿಂದಲೇ ಕೂಗಿದೆ.

ಅಮ್ಮನ ಬಾಯಿ ತೆರೆದದ್ದು ಹಾಗೇ ನಿಂತಿತು. ಅವಳಿಗೆ ಫ್ರಿಜ್ಜಿನ ನಿಯಮವನ್ನು ವಿವರಿಸಿದೆ. ಆಂಟಿಯ ತೀರ್ಪು, ವಾಟ್ಸಾಪಿನ ಹೆಬ್ಬೆರಳು, ಸೀಟು, ಎಲ್ಲ ಹೇಳಿದೆ. ಜಗಳ ಮಾಡುತ್ತಾಳೆಂದುಕೊಂಡಿದ್ದೆ, ಯಾಕೆಂದರೆ ನನ್ನ ಬಾಯಿ ನನಗೆ ಬಂದದ್ದೇ ಅವಳಿಂದ. ಅವಳು ಮಾತ್ರ ಮಗುವಿನ ತಲೆ ಸವರಿ, "ನಂಗೆ ಇಂಗ್ಲಿಷ್ ಬತ್ತಿಲ್ಲೆ. ನನ್ ಬಾಯಿಂದ ಅದ್ರ ಬಾಯಿ ಹಾಳಾಪುದ್ ಬ್ಯಾಡ" ಎಂದಳು. ಆಮೇಲೆ ಮಾತನ್ನೇ ನಿಲ್ಲಿಸಿದಳು, ನನ್ನ ಹತ್ತಿರವೂ ಬರೀ ಸನ್ನೆ. ಒಂದು ವಾರದಲ್ಲಿ ಈ ಮೌನವನ್ನು ಬಿಟ್ಟುಬಿಡುತ್ತಾಳೆ ಎಂದು ನಾನೂ ಸುಮ್ಮನಾದೆ.

ಆ ಪುಸ್ತಕಗಳಲ್ಲಿ ಇಲ್ಲದ್ದೆಲ್ಲ ಅಮ್ಮನಿಗೆ ಗೊತ್ತಿತ್ತು. ಕುಂದಾಪುರದ ಕಡೆ ಕಡಲ ದಂಡೆಯಲ್ಲೇ ಹುಟ್ಟಿ ಬೆಳೆದವಳು ಅವಳು. ಚಳಿಗಾಲದಲ್ಲಿ ಕಡಲಾಮೆ ದಂಡೆಗೆ ಹತ್ತಿ ಮೊಟ್ಟೆ ಇಟ್ಟು ಹೋಗುವುದನ್ನು ಎಷ್ಟೋ ಸಲ ಕಂಡವಳು. ಬಲೆಗೆ ಆಮೆ ಬಿದ್ದರೆ ಅವಳ ಅಪ್ಪ ಅದರ ಹಣೆಗೆ ಕುಂಕುಮ ಇಟ್ಟು ಕೈಮುಗಿದು ನೀರಿಗೆ ಬಿಡುತ್ತಿದ್ದರಂತೆ. ನಾನು ಚಿಕ್ಕವಳಿದ್ದಾಗ ಊಟ ಮಾಡಿಸುವಾಗೆಲ್ಲ ಇದನ್ನೇ ಹೇಳುತ್ತಿದ್ದಳು. ನನ್ನ ಒಂದು ತುತ್ತಿಗೆ ಕತೆಯ ಆಮೆ ಒಂದು ಮೊಟ್ಟೆ ಇಡುತ್ತಿತ್ತು. ಇಡೀ ದುಬೈಯಲ್ಲಿ ಆಮೆಯ ಬಗ್ಗೆ ಸರಿಯಾಗಿ ಗೊತ್ತಿದ್ದ ಒಬ್ಬ ಹೆಂಗಸನ್ನು ಕರೆಸಿ, ಟಿಕೆಟು ಕೊಟ್ಟು, ಆಮೆಯ ಹುಚ್ಚು ಹಿಡಿದ ಮಗುವಿನ ಪಕ್ಕದಲ್ಲಿ ಕೂರಿಸಿ, ಬಾಯಿ ಮುಚ್ಚು ಎಂದಿದ್ದೆ. ಬುದ್ಧಿ ಅಂದರೆ ಇದು!

ಬೆಳಿಗ್ಗೆ ಎಂಟಕ್ಕೆ ನಾನು ಆಫೀಸಿಗೆ ಹೊರಟರೆ ಮರಳುವುದು ಆರಕ್ಕೆ. ಅಲ್ಲಿಯವರೆಗೆ ಅಮ್ಮ ಮತ್ತು ಮಗಳು ಇಬ್ಬರೇ. ನಾನಿಲ್ಲದಾಗ ಕದ್ದುಮುಚ್ಚಿ ಮಾತಾಡುತ್ತಾಳೆಂಬ ಭರವಸೆ ಒಳಗೊಳಗೇ ಇತ್ತು. ಒಂದು ದಿನ ಲಿಫ್ಟಿನಲ್ಲಿ ಸಿಕ್ಕಿದ ಆಂಟಿ ನನ್ನ ಕಿವಿಯ ಹತ್ತಿರ ಬಂದು, "ಬೇಜಾರು ಮಾಡ್ಬೇಡ, ಒಂದು ಕೇಳ್ತೇನೆ. ದಿನಾ ಪಾರ್ಕಿನಲ್ಲಿ ಕಾಣ್ತೇನಲ್ಲ, ನಿನ್ನ ಅಮ್ಮನಿಗೂ ಮಾತು ಬರೂದಿಲ್ವಾ? ವಂಶದಲ್ಲೇ ಉಂಟಾ ಅದು?" ಎಂದರು. ನಗು ಬಂತು. ನಗುತ್ತಾ ಮೂರನೇ ಮಹಡಿ ದಾಟಿದೆ, ನಾಲ್ಕನೆಯದರಲ್ಲಿ ನಗು ನಿಂತಿತು. ಊರಿನ ಬಸ್ಸಿನಲ್ಲಿ ಕಂಡಕ್ಟರನ ಬಾಯಿ ಮುಚ್ಚಿಸಿದವಳ ಬಗ್ಗೆ ಕೇಳುವ ಪ್ರಶ್ನೆಯಾ ಇದು? ಆದರೂ ನಾನು ನಿಯಮ ಬದಲಿಸಲಿಲ್ಲ. ಇಂಟರ್‌ವ್ಯೂ ಒಂದು ಮುಗಿಯಲಿ ಎಂದುಕೊಂಡೆ. ನನಗೆ ಭಯವಾಗಿತ್ತು, ಅಷ್ಟೆ. ಭಯ ಬಿದ್ದವರಷ್ಟು ಹಠಮಾರಿಗಳು ಬೇರೆ ಇಲ್ಲ.

ಒಂದು ಸಂಜೆ ಮನೆಗೆ ಬಂದರೆ ನಡುಮನೆಯ ತುಂಬಾ ಗೋಧಿಹಿಟ್ಟು. ದೊಡ್ಡ ಪರಾತಕ್ಕೆ ಐದು ಕಿಲೋ ಹಿಟ್ಟನ್ನು ಪೂರ್ತಿ ಸುರಿದು, ಅದರ ಪಕ್ಕದಲ್ಲಿ ಅರವತ್ತೆಂಟು ವರ್ಷದ ಅಮ್ಮ ಸೀರೆ ಎತ್ತಿಕಟ್ಟಿ ಹೊಟ್ಟೆಯ ಮೇಲೆ ಮಲಗಿದ್ದಳು. ಹಿಂಗಾಲಿನಿಂದ, ಅಂದರೆ ತನ್ನ ಕಾಲಿನಿಂದಲೇ, ಹಿಟ್ಟಿನಲ್ಲಿ ಗುಂಡಿ ತೋಡುತ್ತಿದ್ದಳು. ಗುಂಡಿಯಲ್ಲಿ ಎಂಟು ಲಿಂಬೆಹಣ್ಣು. ಆಮೇಲೆ ಹಿಟ್ಟು ಮುಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳಾಡಿ ಮೈಯಿಂದ ಅದನ್ನು ತಟ್ಟಿ ಸಮ ಮಾಡಿ, ತೆವಳುತ್ತಾ ಬಾಲ್ಕನಿಯ ಕಡೆ ಹೊರಟಳು. ಒಂದೇ ಒಂದು ಶಬ್ದವಿಲ್ಲ. ಮಗು ಕೆನ್ನೆಗೆ ಕೈಯಿಟ್ಟು ಉಸಿರು ಬಿಗಿಹಿಡಿದು ನೋಡುತ್ತಿತ್ತು. ನಾನೇನು ಮಾಡಿದೆ ಗೊತ್ತಾ? ಹಿಟ್ಟು ಹಾಳಾಯಿತೆಂದು ಬೈದೆ. ಅದೂ ಇಂಗ್ಲಿಷಿನಲ್ಲಿ. ಅಮ್ಮ ಎದ್ದು ಮೊಣಕೈಯ ಹಿಟ್ಟು ಕೊಡವಿಕೊಂಡು, ತನಗೆ ಬರುತ್ತಿದ್ದ ಎರಡು ಪದಗಳನ್ನು ನನ್ನ ಮುಂದಿಟ್ಟಳು: "ಟರ್ಟಲ್. ಗುಡ್."

ಇಂಟರ್‌ವ್ಯೂ ದಿನ ಅಮ್ಮ ತಾನೂ ಬರುತ್ತೇನೆಂದು ಸನ್ನೆ ಮಾಡಿದಳು. ಅವಳ ಅರವತ್ತು ದಿನಗಳಲ್ಲಿ ಐವತ್ತಾರು ಮುಗಿದಿದ್ದವು. ಶಾಲೆಯ ಕಾರಿಡಾರಿನ ಬೆಂಚಿನಲ್ಲಿ ಅವಳನ್ನು ಕೂರಿಸಿ ನಾನೂ ಮಗಳೂ ಒಳಗೆ ಹೋದೆವು. ಮೇಡಂ ಮಲಯಾಳಿ ಹೆಂಗಸು, ವಯಸ್ಸಾದವರು, ಮುಖದಲ್ಲಿ ಸುಸ್ತು. ಬೆಳಗ್ಗಿನಿಂದ ಎಷ್ಟು ಮಕ್ಕಳ ಎ, ಬಿ, ಸಿ ಕೇಳಿದ್ದರೋ ಏನೋ. ಮೇಜಿನ ಮೇಲೆ ಒಂದೊಂದೇ ಚಿತ್ರದ ಕಾರ್ಡು ಇಟ್ಟು ಇದೇನು, ಇದೇನು ಎಂದು ಇಂಗ್ಲಿಷಿನಲ್ಲಿ ಕೇಳಿದರು. ಸೇಬು. ಮಗಳು ಸುಮ್ಮನೆ. ಬಸ್ಸು. ಸುಮ್ಮನೆ. ಬೆಕ್ಕು. ಮಗಳು ಸೀಲಿಂಗ್ ನೋಡಿದಳು. ನಾಲ್ಕನೆಯ ಕಾರ್ಡು ಆಮೆ.

ಮಗಳು ಕುರ್ಚಿಯಿಂದ ಇಳಿದಳು. ಹೊಸ ಫ್ರಾಕಿನಲ್ಲೇ ಮೇಡಮ್ಮಿನ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿ, ಕಾಲಿನಿಂದ ಗುಂಡಿ ತೋಡಿದಳು. ಕಣ್ಣು ಅರೆ ಮುಚ್ಚಿ ಮೊಟ್ಟೆ ಇಟ್ಟಳು, ಒಂದೊಂದಕ್ಕೂ ಮೈ ಸ್ವಲ್ಪ ನಡುಗುತ್ತಿತ್ತು. ಮರಳು ಮುಚ್ಚಿದಳು. ಎಡಕ್ಕೆ ಬಲಕ್ಕೆ ಹೊರಳಿ ಹೊಟ್ಟೆಯಿಂದ ಧಪ್ ಧಪ್ ಎಂದು ತಟ್ಟಿದಳು. ಆಮೇಲೆ ಹಿಂದೆ ತಿರುಗಿ ನೋಡದೆ ತೆವಳುತ್ತಾ ಬಾಗಿಲವರೆಗೆ ಹೋಗಿ ಅಲ್ಲೇ ನಿಂತಳು, ಕಡಲು ಆಚೆಗಿದೆ ಎನ್ನುವಂತೆ.

"ಏನು ಮಾಡುತ್ತಿದ್ದಾಳೆ?" ಎಂದರು ಮೇಡಂ.

"ಆಮೆ ಮೊಟ್ಟೆ ಇಡುತ್ತಿದೆ ಮೇಡಂ."

"ಯಾರು ಕಲಿಸಿದ್ದು?"

"ಅವಳ ಅಮ್ಮಮ್ಮ. ಹೊರಗೆ ಕೂತಿದ್ದಾರೆ."

"ಮತ್ತೆ ಅವರು ಇವಳ ಹತ್ತಿರ ಯಾವ ಭಾಷೆಯಲ್ಲಿ ಮಾತಾಡುತ್ತಾರೆ?"

ಇದು ನಾನು ಕಾಯುತ್ತಿದ್ದ ಪ್ರಶ್ನೆ. ಒಳ್ಳೆಯ ಅಂಕ ಸಿಗುವ ಉತ್ತರ ನನ್ನ ಹತ್ತಿರವಿತ್ತು. "ಮಾತಾಡುವುದಿಲ್ಲ ಮೇಡಂ. ಅವರಿಗೆ ಇಂಗ್ಲಿಷ್ ಬರುವುದಿಲ್ಲ. ಮಗುವಿಗೆ ಕನ್‌ಫ್ಯೂಸ್ ಆಗಬಾರದೆಂದು ಎರಡು ತಿಂಗಳಿಂದ ಮಾತು ನಿಲ್ಲಿಸಿದ್ದಾರೆ" ಎಂದೆ. ಹೆಮ್ಮೆಯಿಂದಲೇ ಹೇಳಲು ಶುರು ಮಾಡಿದ್ದೆ. ವಾಕ್ಯ ಮುಗಿಯುವಷ್ಟರಲ್ಲಿ ಅದು ಎಂಥ ವಾಕ್ಯವೆಂದು ನನ್ನ ಕಿವಿಗೇ ಕೇಳಿಸಿತು.

ಮೇಡಂ ಪೆನ್ನು ಕೆಳಗಿಟ್ಟರು. "ಇಂಗ್ಲಿಷ್ ನಾವು ಕಲಿಸುತ್ತೇವೆ, ಅದಕ್ಕೆ ನಮಗೆ ಸಂಬಳ ಕೊಡುತ್ತಾರೆ. ನಿಮ್ಮ ಮನೆಯಲ್ಲಿ ಯಾರೂ ಬಾಯಿ ಬಿಡದಿದ್ದರೆ ಮಗು ಯಾರನ್ನು ನೋಡಿ ಬಾಯಿ ಬಿಡಬೇಕು?" ಎಂದರು. ದನಿ ಏರಿಸಲಿಲ್ಲ. ಸೀಟು ಕೊಡುತ್ತೇನೆಂದೂ ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಮಾರ್ಚಿನಲ್ಲಿ ಮತ್ತೊಮ್ಮೆ ಕರೆದುಕೊಂಡು ಬನ್ನಿ ಎಂದು ಬರೆದುಕೊಟ್ಟರು. ಮಾರ್ಚಿನಲ್ಲಿ ಅಮ್ಮ ಇಲ್ಲಿರುವುದಿಲ್ಲ ಎಂದು ಅವರಿಗೆ ಹೇಳಿ ಏನು ಪ್ರಯೋಜನ?

ಹೊರಗೆ ಅಮ್ಮ ಬೆಂಚಿನ ತುದಿಯಲ್ಲಿ ಕೈಚೀಲವನ್ನು ಎದೆಗೊತ್ತಿ ಕೂತಿದ್ದಳು. ನಮ್ಮನ್ನು ಕಂಡು ಎದ್ದಳು. ಏನಾಯಿತು ಎಂದು ಹುಬ್ಬಿನಿಂದ ಕೇಳಿದಳು. ಹುಬ್ಬಿನಿಂದ ಕೇಳುವುದನ್ನು ನನ್ನ ಅಮ್ಮನಿಗೆ ನಾನೇ ಕಲಿಸಿದ್ದೆ. ನನಗೆ ತಡೆಯಲಾಗಲಿಲ್ಲ. ಬೇರೆ ತಾಯಂದಿರೆಲ್ಲ ಫೈಲು ಹಿಡಿದು ಸಾಲಾಗಿ ಕೂತಿದ್ದ ಕಾರಿಡಾರಿನಲ್ಲಿ ನಾನು ಗೊಳೋ ಎಂದು ಅತ್ತುಬಿಟ್ಟೆ.

ಅಮ್ಮನಿಗೆ ಸೀಟು ಹೋಯಿತೆಂದೇ ಗಾಬರಿ. ಮಗುವನ್ನು ಸೊಂಟಕ್ಕೆ ಎಳೆದುಕೊಂಡಳು.

"ತಪ್ಪು ನಂದು ಅಮ್ಮ. ನೀನು ಮಾತಾಡು. ಇನ್ನು ಮಾತಾಡು" ಎಂದೆ.

ಅವಳು ಆಚೀಚೆ ನೋಡಿದಳು. ಸಾಲಿನ ತಾಯಂದಿರನ್ನು, ಗೋಡೆಯ ಮೇಲಿನ ಇಂಗ್ಲಿಷ್ ಅಕ್ಷರಮಾಲೆಯನ್ನು ನೋಡಿದಳು. ಮತ್ತೆ ನನ್ನ ಹತ್ತಿರ ಬಾಗಿ, ಯಾರಿಗೂ ಕೇಳಿಸದಷ್ಟು ಸಣ್ಣ ದನಿಯಲ್ಲಿ, "ಕನ್ನಡದಲ್ಲೇ ಮಾತಾಡ್ಲಕ್ಕಾ?" ಎಂದು ಕೇಳಿದಳು.

ನನ್ನ ಬಾಯಿಗೆ ಮೊದಲ ಮಾತು ಹಾಕಿದವಳು ನನ್ನ ಅಪ್ಪಣೆ ಕೇಳುತ್ತಿದ್ದಳು. ನಾನು ಹೂಂ ಎಂದು ತಲೆಯಾಡಿಸಿದೆ.

ಅಮ್ಮ ಆ ಕಾರಿಡಾರಿನ ನೆಲದ ಮೇಲೆ ಕುಕ್ಕುರುಗಾಲಿನಲ್ಲಿ ಕೂತು ಮೊಮ್ಮಗಳ ಎರಡೂ ಕೈ ಹಿಡಿದುಕೊಂಡಳು. ಜೋಡಿಸಿಕೊಂಡು ಬಂದಿದ್ದ ಕತೆಗಳಲ್ಲಿ ಯಾವುದರಿಂದ ಶುರು ಮಾಡುತ್ತಾಳೆಂದು ನಾನು ಕಾಯುತ್ತಿದ್ದೆ. ಅವಳು ಒಂದೆರಡು ಸಲ ಗಂಟಲು ಸರಿ ಮಾಡಿಕೊಂಡಳು.

"ಹೆಣೆ," ಎಂದಳು. "ನಾನ್ ನಿನ್ ಅಮ್ಮಮ್ಮ."